ಕಾಣದ ಕಪ್ಪುಕುಳಿಯನ್ನು ತೂಗುವುದು ಹೇಗೆ? ಎಕ್ಸ್-ರೇ ಜೋಡಿ ನಕ್ಷತ್ರಗಳ ಲೆಕ್ಕ, ಹಂತ ಹಂತವಾಗಿ

1989ರ ಮೇ ತಿಂಗಳಲ್ಲಿ ಜಪಾನಿನ ಗಿಂಗಾ ಉಪಗ್ರಹಕ್ಕೆ ರಾಜಹಂಸ ನಕ್ಷತ್ರಪುಂಜದ ಕಡೆಯಿಂದ ಜೋರಾದ ಎಕ್ಸ್-ರೇ ಕಾಣಿಸಿತು. ಮೂಲ ಹುಡುಕಿದರೆ ಅಲ್ಲಿದ್ದದ್ದು ಹಳೇ ಪರಿಚಯದ ನಕ್ಷತ್ರ. 1938ರಲ್ಲೇ ನೋವಾ (ದಿಢೀರನೆ ಬೆಳಗಿ ಮಂಕಾಗುವ ನಕ್ಷತ್ರ) ಅಂತ ದಾಖಲಾಗಿದ್ದ ವಿ404 ಸಿಗ್ನಿ. ಅಬ್ಬರ ತಣ್ಣಗಾದ ಮೇಲೆ ಹೊರ್ಹೆ ಕಸಾರೆಸ್, ಫಿಲ್ ಚಾರ್ಲ್ಸ್ ಮತ್ತು ಟಿಮ್ ನೇಲರ್ ಲಾ ಪಾಲ್ಮಾ ದ್ವೀಪದಿಂದ ಅದನ್ನು ನೋಡಿದರು. 1992ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ ಇಷ್ಟೇ: ಅಲ್ಲಿ ಕಾಣದೆ ಕೂತಿರುವ ವಸ್ತುವಿನ ತೂಕ ಸೂರ್ಯನ ಸುಮಾರು ಆರು ಪಟ್ಟಿಗಿಂತ ಕಡಿಮೆ ಇರಲು ಸಾಧ್ಯವೇ ಇಲ್ಲ. ನ್ಯೂಟ್ರಾನ್ ನಕ್ಷತ್ರ, ಅಂದರೆ ಸತ್ತ ದೊಡ್ಡ ನಕ್ಷತ್ರದ ಕುಗ್ಗಿ ಗಟ್ಟಿಯಾದ ತಿರುಳು, ಅಷ್ಟು ತೂಕ ತಡೆದುಕೊಳ್ಳಲಾರದು. ಹಾಗಾಗಿ ಅದು ಕಪ್ಪುಕುಳಿ.

ಈ ಲೆಕ್ಕವನ್ನು ನೀವೂ ಮಾಡಬಹುದು. ಪಿಯುಸಿಯ ಭೌತಶಾಸ್ತ್ರ, ಒಂದು ಸ್ಪ್ರೆಡ್‌ಶೀಟ್, ಸ್ವಲ್ಪ ತಾಳ್ಮೆ ಇದ್ದರೆ ಸಾಕು. ವಿ404 ಸಿಗ್ನಿಯನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಹೋಗೋಣ. ದಾರಿಯುದ್ದಕ್ಕೂ ಒಂದು ಪ್ರಶ್ನೆ ಮನಸ್ಸಿನಲ್ಲಿರಲಿ: ಯಾವ ಅಂಕಿ ಗಟ್ಟಿ, ಯಾವುದು ಮೆದು? ಕೊನೆಯ ಉತ್ತರ ಎಷ್ಟೇ ಚೆನ್ನಾಗಿ ಬರಲಿ, ಇದು ಗೊತ್ತಿಲ್ಲದಿದ್ದರೆ ಆ ಉತ್ತರವನ್ನು ಎಷ್ಟು ನಂಬಬೇಕು ಅನ್ನುವುದು ಗೊತ್ತಾಗುವುದಿಲ್ಲ.

ಮೊದಲು ಚಿತ್ರ ಸ್ಪಷ್ಟವಾಗಲಿ

ಎಕ್ಸ್-ರೇ ಜೋಡಿಯಲ್ಲಿ ಇಬ್ಬರಿರುತ್ತಾರೆ. ಒಂದು ಮಾಮೂಲಿ ನಕ್ಷತ್ರ. ಇನ್ನೊಂದು ಕಪ್ಪುಕುಳಿ ಅಥವಾ ನ್ಯೂಟ್ರಾನ್ ನಕ್ಷತ್ರ. ನಕ್ಷತ್ರದ ಅನಿಲ ಇನ್ನೊಂದರ ಕಡೆ ಹರಿದು, ಅದರ ಸುತ್ತ ತಟ್ಟೆಯಂತೆ ಹರಡಿಕೊಂಡು ಸುತ್ತುತ್ತಾ ಒಳಗೆ ಬೀಳುತ್ತದೆ. ಬೀಳುವಾಗ ವಿಪರೀತ ಕಾಯುತ್ತದೆ. ಎಕ್ಸ್-ರೇ ಬರುವುದು ಆ ಬಿಸಿಯಿಂದ.

ತಮಾಷೆ ಏನೆಂದರೆ, ತೂಕದ ಮುಖ್ಯ ಸುಳಿವು ಎಕ್ಸ್-ರೇಯಲ್ಲಿ ಇಲ್ಲ. ಕಾಣುವ ನಕ್ಷತ್ರದ ಓಡಾಟದಲ್ಲಿದೆ. ಎರಡೂ ಒಂದೇ ಸಾಮಾನ್ಯ ಕೇಂದ್ರವನ್ನು ಸುತ್ತುತ್ತವೆ. ನಕ್ಷತ್ರ ಎಷ್ಟು ವೇಗವಾಗಿ, ಎಷ್ಟು ದಿನಕ್ಕೊಮ್ಮೆ ಸುತ್ತುತ್ತದೆ ಅನ್ನುವುದು ಗೊತ್ತಾದರೆ, ಅದನ್ನು ಎಳೆಯುತ್ತಿರುವುದು ಎಷ್ಟು ಭಾರ ಅನ್ನುವುದನ್ನು ಕೆಪ್ಲರ್ ಮತ್ತು ನ್ಯೂಟನ್ನರ ನಿಯಮಗಳು ಹೇಳುತ್ತವೆ.

ಹಂತ 1: ಸರಿಯಾದ ಜೋಡಿ, ಸರಿಯಾದ ಸಮಯ

ಅಬ್ಬರದ ಸಮಯದಲ್ಲಿ ಹೊಳೆಯುವ ತಟ್ಟೆಯ ಬೆಳಕಿನಲ್ಲಿ ನಕ್ಷತ್ರ ಮುಳುಗಿಹೋಗಿರುತ್ತದೆ. ಸುದ್ದಿಯಾಗುವುದು ಆಗಲೇ, ಆದರೆ ತೂಕಕ್ಕೆ ಆಗ ನೋಡಿ ಪ್ರಯೋಜನ ಕಡಿಮೆ. ತಣ್ಣಗಾಗುವವರೆಗೆ ಕಾಯಬೇಕು. ವಿ404 ಸಿಗ್ನಿ 2015ರ ಜೂನ್‌ನಲ್ಲಿ ಮತ್ತೆ ಅಬ್ಬರಿಸಿತು, ಪ್ರಪಂಚದ ದೂರದರ್ಶಕಗಳೆಲ್ಲ ಅತ್ತ ತಿರುಗಿದವು. ಆದರೆ ಅದರ ತೂಕ ನಮಗೆ ತಿಳಿದದ್ದು ನಡುವಿನ ತಣ್ಣನೆಯ ವರ್ಷಗಳಲ್ಲಿ.

ತಣ್ಣಗಿದ್ದಾಗ ಇದು ತುಂಬಾ ಮಂಕು, 18ನೇ ಕಾಂತಿಮಾನದ ಆಸುಪಾಸು (ಈ ಅಂಕಿ ಹೆಚ್ಚಿದಷ್ಟೂ ನಕ್ಷತ್ರ ಮಂಕು). ರೋಹಿತ, ಅಂದರೆ ಬಣ್ಣಗಳಾಗಿ ಬಿಡಿಸಿದ ಬೆಳಕು, ತೆಗೆಯಲು ನಾಲ್ಕು ಮೀಟರ್ ಅಳತೆಯ ದೂರದರ್ಶಕ ಬೇಕು. ಕಸಾರೆಸ್ ತಂಡ ಬಳಸಿದ್ದು 4.2 ಮೀಟರಿನ ವಿಲಿಯಂ ಹರ್ಶೆಲ್ ದೂರದರ್ಶಕ. ನಮಗೆ ಅಷ್ಟು ದೂರ ಹೋಗುವ ಅಗತ್ಯವಿಲ್ಲ. ಇಂಥ ಸಂಶೋಧನಾ ಪ್ರಬಂಧಗಳಲ್ಲಿ ಅಳೆದ ವೇಗಗಳ ಪಟ್ಟಿ ಇರುವುದುಂಟು. ಅದನ್ನು ಸ್ಪ್ರೆಡ್‌ಶೀಟಿಗೆ ಇಳಿಸಿಕೊಂಡರೆ ಆಯಿತು.

ಹಂತ 2: ರೋಹಿತದಿಂದ ವೇಗ

ನಕ್ಷತ್ರದ ಬೆಳಕನ್ನು ಬಣ್ಣಗಳಾಗಿ ಬಿಡಿಸಿದರೆ ನಡುನಡುವೆ ಕಪ್ಪು ಗೆರೆಗಳು ಕಾಣುತ್ತವೆ. ನಕ್ಷತ್ರ ನಮ್ಮ ಕಡೆ ಬರುವಾಗ ಗೆರೆಗಳು ನೀಲಿ ಕಡೆಗೆ ಸರಿಯುತ್ತವೆ, ದೂರ ಹೋಗುವಾಗ ಕೆಂಪು ಕಡೆಗೆ. ಎಷ್ಟು ಸರಿಯುತ್ತವೆ? ಕ್ಯಾಲ್ಸಿಯಂನ ಒಂದು ಗೆರೆ 6439 ಆಂಗ್‌ಸ್ಟ್ರಾಮ್‌ನಲ್ಲಿದೆ (ಆಂಗ್‌ಸ್ಟ್ರಾಮ್ ಬೆಳಕಿನ ಅಲೆಯುದ್ದದ ಅಳತೆ). ವಿ404 ಸಿಗ್ನಿಯ ನಕ್ಷತ್ರ ಸೆಕೆಂಡಿಗೆ ಸುಮಾರು 208 ಕಿಲೋಮೀಟರ್ ವೇಗದಲ್ಲಿ ಬಂದಾಗ ಆ ಗೆರೆ ಬರೀ ನಾಲ್ಕೂವರೆ ಆಂಗ್‌ಸ್ಟ್ರಾಮ್ ಪಕ್ಕಕ್ಕೆ ಹೋಗುತ್ತದೆ. ಮೂರು ದಿನ ಚಿಲ್ಲರೆ ಬಿಟ್ಟು ನೋಡಿದರೆ ಅಷ್ಟೇ ದೂರ ಇನ್ನೊಂದು ಪಕ್ಕದಲ್ಲಿರುತ್ತದೆ. ಕಪ್ಪುಕುಳಿಯ ಇಡೀ ಸಾಕ್ಷಿ ನಿಂತಿರುವುದು ಈ ಸಣ್ಣ ಓಲಾಟದ ಮೇಲೆ.

ಒಂದೇ ಗೆರೆಯನ್ನು ನಂಬಬೇಡಿ. ಮಂಕು ನಕ್ಷತ್ರದ ರೋಹಿತದಲ್ಲಿ ಗದ್ದಲ ಜಾಸ್ತಿ. ಅದೇ ಜಾತಿಯ ಒಂದು ಪ್ರಕಾಶಮಾನ ನಕ್ಷತ್ರದ ರೋಹಿತ ತೆಗೆದುಕೊಳ್ಳಿ. ಅದನ್ನು ನಿಮ್ಮ ರೋಹಿತದ ಮೇಲೆ ಸ್ವಲ್ಪ ಸ್ವಲ್ಪವೇ ಸರಿಸುತ್ತಾ, ಎಲ್ಲಿ ಎಲ್ಲ ಗೆರೆಗಳೂ ಒಟ್ಟಿಗೆ ಹೊಂದುತ್ತವೆ ನೋಡಿ. ಆ ಸರಿತವೇ ವೇಗ.

ಎರಡು ಎಚ್ಚರಿಕೆ. ಹೈಡ್ರೋಜನ್ನಿನ 6563 ಆಂಗ್‌ಸ್ಟ್ರಾಮ್ ಗೆರೆ ಎದ್ದು ಕಾಣುತ್ತದೆ, ಕೈ ಅದರತ್ತಲೇ ಹೋಗುತ್ತದೆ. ಆದರೆ ಅದು ಹೆಚ್ಚಾಗಿ ತಟ್ಟೆಯಿಂದ ಬರುವ ಹೊಳೆಯುವ ಗೆರೆ. ನಕ್ಷತ್ರದ ವೇಗ ಬೇಕಾದರೆ ಅದನ್ನು ಬಿಟ್ಟುಬಿಡಿ. ಎರಡನೆಯದು, ಒಂದು ರೋಹಿತಕ್ಕೆ ಎಷ್ಟು ಹೊತ್ತು ಬೆಳಕು ಕೂಡಿಸುತ್ತೀರಿ ಅನ್ನುವುದು. ವಿ404 ಸಿಗ್ನಿಯಲ್ಲಿ ಅರ್ಧ ಗಂಟೆಗೆ ವೇಗ ಹೆಚ್ಚೆಂದರೆ 4 ಕಿಲೋಮೀಟರ್ ಬದಲಾಗುತ್ತದೆ, ತೊಂದರೆ ಇಲ್ಲ. ಆದರೆ ಏ0620-00 ಅನ್ನುವ ಜೋಡಿ 7.75 ಗಂಟೆಗೊಮ್ಮೆ ಸುತ್ತುತ್ತದೆ. ಅಲ್ಲಿ ಅದೇ ಅರ್ಧ ಗಂಟೆಯಲ್ಲಿ ವೇಗ ಸೆಕೆಂಡಿಗೆ 176 ಕಿಲೋಮೀಟರಿನಷ್ಟು ಬದಲಾಗಬಹುದು. ಗೆರೆಗಳೆಲ್ಲ ಕಲಸಿಹೋಗುತ್ತವೆ.

ಕೊನೆಗೆ ಭೂಮಿಯ ಚಲನೆಯನ್ನು ಕಳೆಯಿರಿ. ನಾವೂ ಸೂರ್ಯನ ಸುತ್ತ ಸೆಕೆಂಡಿಗೆ 30 ಕಿಲೋಮೀಟರ್ ಓಡುತ್ತಿದ್ದೇವೆ, ಅಲ್ವಾ? ಪೈಥಾನ್ ಭಾಷೆಯಲ್ಲಿ ಖಗೋಳ ಲೆಕ್ಕಗಳಿಗೆ ಇರುವ ಆಸ್ಟ್ರೋಪೈ ತಂತ್ರಾಂಶ ಇದನ್ನು ಒಂದೆರಡು ಸಾಲಿನಲ್ಲಿ ಮಾಡಿಕೊಡುತ್ತದೆ.

ಹಂತ 3: ಅಲೆಯ ಗೆರೆ ಹೊಂದಿಸಿ

ಸಮಯ ಒಂದು ಕಾಲಂ, ವೇಗ ಇನ್ನೊಂದು. ಇವನ್ನು ಸೈನ್ ಅಲೆಗೆ ಹೊಂದಿಸಿದರೆ ಮೂರು ಅಂಕಿ ಸಿಗುತ್ತವೆ: ಸುತ್ತಿನ ಅವಧಿ, ವೇಗದ ಏರಿಳಿತ, ಇಡೀ ಜೋಡಿ ಒಟ್ಟಾಗಿ ಚಲಿಸುವ ವೇಗ. ಮೂರನೆಯದು ತೂಕಕ್ಕೆ ಬೇಕಿಲ್ಲ. ವಿ404 ಸಿಗ್ನಿಗೆ ಅವಧಿ 6.4714 ದಿನ, ಏರಿಳಿತ ಸೆಕೆಂಡಿಗೆ 208.5 ಕಿಲೋಮೀಟರ್.

ಇಲ್ಲಿ ವೇಗದ ಏರಿಳಿತ ಅಂದರೆ ನಡುಗೆರೆಯಿಂದ ತುದಿವರೆಗಿನ ಎತ್ತರ. ಕೆಳತುದಿಯಿಂದ ಮೇಲ್ತುದಿವರೆಗಿನದು ಅಲ್ಲ. ಇದು ತಪ್ಪಿದರೆ ಉತ್ತರ ಎಂಟು ಪಟ್ಟು ಏರಿಬಿಡುತ್ತದೆ.

ಹಂತ 4: ಮಾಸ್ ಫಂಕ್ಷನ್, ಲೆಕ್ಕದ ಗಟ್ಟಿ ತಳ

ಕಾಣದ ವಸ್ತು ಕನಿಷ್ಠ ಎಷ್ಟು ತೂಕದ್ದು ಅನ್ನುವುದನ್ನು ಹೇಳುವ ಅಂಕಿಯೇ ಮಾಸ್ ಫಂಕ್ಷನ್. ಸೂತ್ರ ಇದು:

ಮಾಸ್ ಫಂಕ್ಷನ್ = 1.036 × 10⁻⁷ × ಅವಧಿ × ವೇಗ³

ಅವಧಿ ದಿನಗಳಲ್ಲಿ, ವೇಗ ಸೆಕೆಂಡಿಗೆ ಕಿಲೋಮೀಟರಿನಲ್ಲಿ. ಉತ್ತರ ಸೂರ್ಯನ ದ್ರವ್ಯರಾಶಿಯ ಲೆಕ್ಕದಲ್ಲಿ ಬರುತ್ತದೆ. ನಮ್ಮ ಅಂಕಿಗಳನ್ನು ಹಾಕಿ: 208.5ರ ಘನ ಸುಮಾರು 90.6 ಲಕ್ಷ. ಅದನ್ನು 6.4714ರಿಂದಲೂ 1.036 × 10⁻⁷ರಿಂದಲೂ ಗುಣಿಸಿದರೆ 6.08.

ಈ 6.08 ತುಂಬಾ ಬೆಲೆಯುಳ್ಳ ಅಂಕಿ. ಇದರಲ್ಲಿ ಯಾವ ಊಹೆಯೂ ಇಲ್ಲ. ನಕ್ಷತ್ರ ಯಾವ ಜಾತಿಯದು, ಜೋಡಿ ಎಷ್ಟು ದೂರದಲ್ಲಿದೆ, ಎಷ್ಟು ಓರೆಯಾಗಿದೆ, ಯಾವುದೂ ಗೊತ್ತಿರಬೇಕಿಲ್ಲ. ಒಂದು ಗಡಿಯಾರ, ಒಂದು ರೋಹಿತಲೇಖಿ, ಅಷ್ಟೇ. ಕಾಣದ ವಸ್ತುವಿನ ನಿಜವಾದ ತೂಕ ಇದಕ್ಕಿಂತ ಜಾಸ್ತಿಯೇ ಇರಬೇಕು. 1992ರ ಮೊದಲ ಅಳತೆಯಲ್ಲಿ ಇದು 6.26 ಬಂದಿತ್ತು. ಆಮೇಲೆ ಹೆಚ್ಚು ರೋಹಿತ ಸೇರಿಸಿದಾಗ 6.08ಕ್ಕೆ ಇಳಿಯಿತು. ತೀರ್ಮಾನ ಅಲುಗಾಡಲಿಲ್ಲ. ನ್ಯೂಟ್ರಾನ್ ನಕ್ಷತ್ರದ ಮೇಲಿನ ಮಿತಿ ಎಂದು ಸಾಮಾನ್ಯವಾಗಿ ಹಿಡಿಯುವುದು ಸೂರ್ಯನ 3 ಪಟ್ಟು.

ವೇಗ ಘನವಾಗಿ ಬರುವುದನ್ನು ಮಾತ್ರ ಮರೆಯಬೇಡಿ. ವೇಗದಲ್ಲಿ ನೂರಕ್ಕೆ ಒಂದು ತಪ್ಪಿದರೆ ಇಲ್ಲಿ ನೂರಕ್ಕೆ ಮೂರು ತಪ್ಪುತ್ತದೆ. ಏ0620-00 ಇದಕ್ಕೆ ಒಳ್ಳೇ ಉದಾಹರಣೆ. 1986ರಲ್ಲಿ ಮೆಕ್‌ಕ್ಲಿಂಟಾಕ್ ಮತ್ತು ರೆಮಿಲ್ಲಾರ್ಡ್ 457 ಕಿಲೋಮೀಟರ್ ವೇಗ ಅಳೆದರು, ಮಾಸ್ ಫಂಕ್ಷನ್ 3.18 ಬಂತು. ಮುಂದೆ ನಿಖರವಾಗಿ ಅಳೆದಾಗ ವೇಗ 435ರ ಆಸುಪಾಸು. ಮಾಸ್ ಫಂಕ್ಷನ್ 2.76ಕ್ಕೆ ಇಳಿಯಿತು, ಅಂದರೆ 3ರ ಗೆರೆಗಿಂತ ಕೆಳಗೆ. ಹಾಗಂತ ಅದು ನ್ಯೂಟ್ರಾನ್ ನಕ್ಷತ್ರ ಆಗಲಿಲ್ಲ. ತಳದ ಮಿತಿ ಮಾತ್ರ ಕೆಳಗಿಳಿಯಿತು, ನಿಜವಾದ ತೂಕಕ್ಕೆ ಮುಂದಿನ ಹಂತಗಳು ಬೇಕು.

ಹಂತ 5: ಎರಡರ ತೂಕದ ಅನುಪಾತ

ಪೂರ್ತಿ ಸೂತ್ರ ಹೀಗಿದೆ:

ತೂಕ = ಮಾಸ್ ಫಂಕ್ಷನ್ × (1 + ಅನುಪಾತ)² ÷ (ಓರೆಯ ಸೈನ್)³

ಓರೆ ಅಂದರೆ ಜೋಡಿಯನ್ನು ನಾವು ನೋಡುವ ಕೋನ, ಅದು ಹಂತ 6ರಲ್ಲಿ ಬರುತ್ತದೆ. ಅನುಪಾತ ಅಂದರೆ ನಕ್ಷತ್ರದ ತೂಕವನ್ನು ಕಾಣದ ವಸ್ತುವಿನ ತೂಕದಿಂದ ಭಾಗಿಸಿದ್ದು. ಅನುಪಾತವನ್ನು ತಿಳಿಯುವ ದಾರಿ ಚೆಂದವಾಗಿದೆ. ಈ ನಕ್ಷತ್ರಗಳು ಚಂದ್ರನ ಹಾಗೆ ಒಂದೇ ಮುಖವನ್ನು ಸಂಗಾತಿಗೆ ತೋರಿಸುತ್ತಾ ಸುತ್ತುತ್ತವೆ. ಆದ್ದರಿಂದ ತನ್ನ ಸುತ್ತ ತಿರುಗುವ ಅವಧಿ ಮತ್ತು ಸುತ್ತಿನ ಅವಧಿ ಒಂದೇ. ತಿರುಗುವ ನಕ್ಷತ್ರದ ಒಂದು ಅಂಚು ನಮ್ಮ ಕಡೆ ಬರುತ್ತದೆ, ಇನ್ನೊಂದು ದೂರ ಹೋಗುತ್ತದೆ. ಅದರಿಂದ ರೋಹಿತದ ಗೆರೆ ಅಗಲವಾಗುತ್ತದೆ. ನಕ್ಷತ್ರ ದೊಡ್ಡದಿದ್ದಷ್ಟೂ ಗೆರೆ ಅಗಲ. ಆ ನಕ್ಷತ್ರ ತನಗೆ ಸಿಗುವ ಜಾಗವನ್ನು ಪೂರ್ತಿ ತುಂಬಿಕೊಂಡಿರುವುದರಿಂದ, ಅದರ ಗಾತ್ರವನ್ನು ತೀರ್ಮಾನಿಸುವುದೇ ಅನುಪಾತ.

ಕೆಲಸದಲ್ಲಿ ಹೀಗೆ ಮಾಡುತ್ತಾರೆ. ನಿಧಾನವಾಗಿ ತಿರುಗುವ, ಅದೇ ಜಾತಿಯ ನಕ್ಷತ್ರದ ರೋಹಿತವನ್ನು ಕಂಪ್ಯೂಟರಿನಲ್ಲಿ ಬೇರೆ ಬೇರೆ ಪ್ರಮಾಣದಲ್ಲಿ ಅಗಲಿಸುತ್ತಾರೆ. ಪ್ರತಿಯೊಂದನ್ನೂ ನಮ್ಮ ರೋಹಿತದಿಂದ ಕಳೆಯುತ್ತಾರೆ. ಎಲ್ಲಿ ಉಳಿಕೆ ಅತಿ ನಯವಾಗಿ ಬರುತ್ತದೋ ಅದೇ ಸರಿಯಾದ ಅಗಲ. ವಿ404 ಸಿಗ್ನಿಗೆ ಇದು ಸೆಕೆಂಡಿಗೆ ಸುಮಾರು 39 ಕಿಲೋಮೀಟರ್. ಆಮೇಲೆ ಈ ಸಂಬಂಧ:

ಅಗಲದ ವೇಗ ÷ ಏರಿಳಿತದ ವೇಗ = 0.462 × [ಅನುಪಾತ × (1 + ಅನುಪಾತ)²] ರ ಘನಮೂಲ

39ನ್ನು 208.5ರಿಂದ ಭಾಗಿಸಿದರೆ 0.187. ಸ್ಪ್ರೆಡ್‌ಶೀಟಿನಲ್ಲಿ ಅನುಪಾತವನ್ನು 0.01ರಿಂದ ಏರಿಸುತ್ತಾ ಹೋಗಿ. 0.06ರ ಹತ್ತಿರ ಎರಡೂ ಕಡೆ ಸಮ ಆಗುತ್ತದೆ. ಅಂದರೆ ಕಾಣುವ ನಕ್ಷತ್ರ ಕಾಣದ ವಸ್ತುವಿನ ನೂರರಲ್ಲಿ ಆರು ಭಾಗ ಮಾತ್ರ.

ಅನುಪಾತ ಇಷ್ಟು ಚಿಕ್ಕದಿರುವಾಗ ಅದರಲ್ಲಿ ಸ್ವಲ್ಪ ತಪ್ಪಿದರೂ ತೂಕ ಹೆಚ್ಚು ಬದಲಾಗುವುದಿಲ್ಲ. 1.06ರ ವರ್ಗ 1.12, ಅಷ್ಟೇ. ನಿಜವಾದ ತಲೆನೋವು ಮುಂದಿದೆ.

ಹಂತ 6: ಓರೆ

ಡಾಪ್ಲರ್ ಅಳತೆ, ಅಂದರೆ ಗೆರೆಗಳ ಸರಿತದಿಂದ ವೇಗ ತಿಳಿಯುವುದು, ನಮ್ಮ ಕಡೆ ಬರುವ, ನಮ್ಮಿಂದ ಹೋಗುವ ವೇಗವನ್ನಷ್ಟೇ ಹೇಳುತ್ತದೆ. ಜಾತ್ರೆಯ ತಿರುಗುಕುದುರೆಯನ್ನು ಪಕ್ಕದಲ್ಲಿ ನಿಂತು ನೋಡಿದರೆ ಕುದುರೆ ಹತ್ತಿರ ಬಂದು ದೂರ ಹೋಗುವುದು ಕಾಣುತ್ತದೆ. ನೇರ ಮೇಲಿನಿಂದ ನೋಡಿದರೆ ಬರೀ ಸುತ್ತುತ್ತದೆ, ಹತ್ತಿರವೂ ಬರುವುದಿಲ್ಲ, ದೂರವೂ ಹೋಗುವುದಿಲ್ಲ. ಜೋಡಿಯನ್ನು ನಾವು ಯಾವ ಕೋನದಿಂದ ನೋಡುತ್ತಿದ್ದೇವೆ ಅನ್ನುವುದೇ ಓರೆ. 90 ಡಿಗ್ರಿ ಅಂದರೆ ಪೂರ್ತಿ ಪಕ್ಕದಿಂದ, 0 ಅಂದರೆ ಮೇಲಿನಿಂದ.

ಮೊದಲು ಒಂದು ಸುಲಭ ಪರೀಕ್ಷೆ ಮಾಡಿ: ಎಕ್ಸ್-ರೇಗೆ ಗ್ರಹಣ ಆಗುತ್ತದೆಯೇ? ಅನುಪಾತ 0.06 ಇದ್ದರೆ, ಓರೆ 80 ಡಿಗ್ರಿ ದಾಟಿದಾಗ ನಕ್ಷತ್ರ ನಡುವಿನ ಎಕ್ಸ್-ರೇ ಮೂಲವನ್ನು ಮುಚ್ಚಬೇಕು. ವಿ404 ಸಿಗ್ನಿಯಲ್ಲಿ ಗ್ರಹಣ ಕಾಣುವುದಿಲ್ಲ. ಹಾಗಾದರೆ ಓರೆ 80ಕ್ಕಿಂತ ಕಡಿಮೆ. ಇದನ್ನು ಸೂತ್ರಕ್ಕೆ ಹಾಕಿದರೆ ತೂಕ 7.1ಕ್ಕಿಂತ ಜಾಸ್ತಿ ಅಂತ ಬರುತ್ತದೆ. ಏನೂ ಹೊಸದಾಗಿ ಅಳೆಯದೆ ತಳದ ಮಿತಿ ಒಂದು ಹೆಜ್ಜೆ ಮೇಲೇರಿತು! ನನಗೆ ಈ ಹಂತ ಬಹಳ ಇಷ್ಟ. ಗ್ರಹಣ ಕಾಣುವ ಕಪ್ಪುಕುಳಿಯೂ ಇದೆ: ಎಂ33 ಗೆಲಾಕ್ಸಿಯ ಎಕ್ಸ್-7. ಅಲ್ಲಿ ಗ್ರಹಣ ಎಷ್ಟು ಹೊತ್ತು ನಡೆಯುತ್ತದೆ ಅನ್ನುವುದೇ ಓರೆಯನ್ನು ಹಿಡಿದುಕೊಡುತ್ತದೆ.

ಗ್ರಹಣ ಇಲ್ಲದಿದ್ದರೆ ನಕ್ಷತ್ರದ ಆಕಾರವನ್ನು ಬಳಸಬೇಕು. ಎಳೆತಕ್ಕೆ ಸಿಕ್ಕಿ ಅದು ಗುಂಡಗಿರದೆ ಒಂದು ಕಡೆ ಚೂಪಾಗಿ ಹಿಗ್ಗಿರುತ್ತದೆ. ಸುತ್ತುವಾಗ ಒಮ್ಮೆ ಅಗಲದ ಪಕ್ಕ, ಒಮ್ಮೆ ಕಿರಿದಾದ ತುದಿ ನಮಗೆ ಕಾಣುತ್ತದೆ. ಹಾಗಾಗಿ ಒಂದು ಸುತ್ತಿನಲ್ಲಿ ಬೆಳಕು ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ. ಓರೆ ಜಾಸ್ತಿ ಇದ್ದಷ್ಟೂ ಏರಿಳಿತ ಜಾಸ್ತಿ. ಇದನ್ನು ಮಾದರಿಯ ಜೊತೆ ಹೋಲಿಸಿ ಓರೆ ಕಂಡುಹಿಡಿಯುತ್ತಾರೆ.

ತೊಂದರೆ ಇಲ್ಲೇ ಇದೆ. ತಣ್ಣಗಿದ್ದಾಗಲೂ ತಟ್ಟೆ ಸ್ವಲ್ಪ ಬೆಳಕು ಕೊಡುತ್ತದೆ. ಆ ಬೆಳಕು ಸೇರಿಕೊಂಡರೆ ಏರಿಳಿತ ಚಿಕ್ಕದಾಗಿ ಕಾಣುತ್ತದೆ. ಏರಿಳಿತ ಚಿಕ್ಕದಾದರೆ ಓರೆ ಕಡಿಮೆ ಅಂತ ನಾವು ತಿಳಿಯುತ್ತೇವೆ, ತೂಕ ಜಾಸ್ತಿ ಬರುತ್ತದೆ. ವಿ404 ಸಿಗ್ನಿಗೆ 1994ರಲ್ಲಿ ಓರೆ 56 ಡಿಗ್ರಿ ಬಂದಿತ್ತು, ತೂಕ 12. ಖರ್ಘಾರಿಯಾ ಮತ್ತು ಸಂಗಡಿಗರು 2010ರಲ್ಲಿ ಅವಕೆಂಪು ರೋಹಿತದಿಂದ ತಟ್ಟೆಯ ಪಾಲನ್ನು ಅಳೆದು ಕಳೆದರು. ಓರೆ 67 ಡಿಗ್ರಿ ಆಯಿತು, ತೂಕ 9ಕ್ಕೆ ಇಳಿಯಿತು. ಅದೇ ನಕ್ಷತ್ರ, ಅದೇ ಮಾಸ್ ಫಂಕ್ಷನ್, ಆದರೂ ಮೂರು ಸೂರ್ಯರಷ್ಟು ವ್ಯತ್ಯಾಸ! ಇದೇ ಲೆಕ್ಕದ ಮೆದು ಭಾಗ. ಯಾರಾದರೂ ಕಪ್ಪುಕುಳಿಯ ತೂಕ ಹೇಳಿದರೆ ನಾನು ಮೊದಲು ಕೇಳುವುದು ಓರೆ ಹೇಗೆ ಅಳೆದಿರಿ ಅಂತ.

ಪಕ್ಕದ ನಕ್ಷತ್ರಗಳ ಬೆಳಕೂ ಹೀಗೇ ಮೋಸ ಮಾಡುತ್ತದೆ. ವಿ404 ಸಿಗ್ನಿಯಿಂದ 1.4 ಆರ್ಕ್‌ಸೆಕೆಂಡ್ (ಒಂದು ಡಿಗ್ರಿಯ 3,600ನೇ ಒಂದು ಭಾಗ ಒಂದು ಆರ್ಕ್‌ಸೆಕೆಂಡ್) ದೂರದಲ್ಲಿ ಒಂದು ನಕ್ಷತ್ರವಿದೆ. ಬೆಳಕು ಅಳೆಯುವವರೆಲ್ಲ ಅದನ್ನು ಬೇಡದ ನೆರೆಯವನಂತೆ ಕಳೆಯುತ್ತಿದ್ದರು. ಅದೂ ಈ ಕುಟುಂಬದ್ದೇ ಅಂತ 2024ರಲ್ಲಿ ಗೊತ್ತಾಯಿತು. ಸೂರ್ಯ ಮತ್ತು ಭೂಮಿಯ ನಡುವಿನ ದೂರದ ಕನಿಷ್ಠ 3,500 ಪಟ್ಟು ಆಚೆ ಸುತ್ತುತ್ತಿರುವ ಮೂರನೇ ಸದಸ್ಯ! ಅಷ್ಟು ದೂರ ಇರುವುದರಿಂದ ನಮ್ಮ ಲೆಕ್ಕ ಕೆಡುವುದಿಲ್ಲ.

ಹಂತ 7: ಎಲ್ಲ ಸೇರಿಸಿ, ತಪ್ಪಿನ ಗಡಿಯನ್ನೂ ಹೇಳಿ

6.08 × 1.1236 = 6.83. 67 ಡಿಗ್ರಿಯ ಸೈನ್ 0.9205, ಅದರ ಘನ 0.78. ಭಾಗಿಸಿದರೆ 8.8. ಖರ್ಘಾರಿಯಾ ತಂಡದ ಪ್ರಕಟಿತ ಅಂಕಿ 9.0, ಮೇಲೆ 0.2, ಕೆಳಗೆ 0.6ರ ಗಡಿ. ನಮ್ಮದು ಅದರೊಳಗೇ ಇದೆ.

ಎಕ್ಸೆಲ್ ಆಗಲಿ, ಗೂಗಲ್ ಶೀಟ್ಸ್ ಆಗಲಿ, ಸೈನ್ ಲೆಕ್ಕಕ್ಕೆ ಡಿಗ್ರಿ ಕೊಟ್ಟರೆ ತಪ್ಪು ಉತ್ತರ ಬರುತ್ತದೆ. ಮೊದಲು ರೇಡಿಯನ್‌ಗೆ ಬದಲಾಯಿಸಿ.

ತಪ್ಪಿನ ಗಡಿಗೆ ಸುಲಭ ದಾರಿ: ವೇಗ, ಅನುಪಾತ, ಓರೆ ಮೂರನ್ನೂ ಅವುಗಳ ಗಡಿಯೊಳಗೆ ಯದೃಚ್ಛವಾಗಿ ಬದಲಿಸುತ್ತಾ ಹತ್ತು ಸಾವಿರ ಸಲ ತೂಕ ಲೆಕ್ಕಿಸಿ. ಉತ್ತರಗಳ ಹರವೇ ನಿಮ್ಮ ಗಡಿ. ಓರೆಯಲ್ಲಿ ಬರೀ 3 ಡಿಗ್ರಿ ತಪ್ಪಿದರೆ, 67 ಡಿಗ್ರಿಯಲ್ಲಿ ತೂಕ ನೂರಕ್ಕೆ 7ರಷ್ಟು ಬದಲಾಗುತ್ತದೆ. 30 ಡಿಗ್ರಿಯಲ್ಲಿ ಅದೇ 3 ಡಿಗ್ರಿಗೆ ನೂರಕ್ಕೆ 27. ಮೇಲಿನಿಂದ ಕಾಣುವ ಜೋಡಿಗಳ ತೂಕವನ್ನು ಹುಷಾರಾಗಿ ಓದಿ.

ಸಂಗಾತಿ ದೈತ್ಯ ಆಗಿದ್ದರೆ

ಸಿಗ್ನಸ್ ಎಕ್ಸ್-1 ಬೇರೆ ಥರ. ಅವಧಿ 5.6 ದಿನ, ವೇಗ ಬರೀ 75 ಕಿಲೋಮೀಟರ್. ಮಾಸ್ ಫಂಕ್ಷನ್ 0.24 ಮಾತ್ರ! ಸುಮ್ನೆ ನೋಡಿದರೆ ಅಲ್ಲೇನೂ ಇಲ್ಲ ಅನ್ನಿಸುತ್ತದೆ. ಕಾರಣ, ಸಂಗಾತಿ ನಕ್ಷತ್ರವೇ ಭಾರೀ, ಅದನ್ನು ಓಲಾಡಿಸುವುದು ಕಷ್ಟ. ಇಲ್ಲಿ ಅನುಪಾತ 0.06 ಅಲ್ಲ, ಸುಮಾರು 1.9. ಹಾಗಾಗಿ ಮೊದಲು ನಕ್ಷತ್ರದ ತೂಕ ತಿಳಿಯಬೇಕು. ಅದಕ್ಕೆ ಅದರ ಗಾತ್ರ, ಗಾತ್ರಕ್ಕೆ ನಿಜವಾದ ಹೊಳಪು, ಹೊಳಪಿಗೆ ದೂರ ಬೇಕು. 2011ರಲ್ಲಿ ದೂರ ಸುಮಾರು 6,100 ಜ್ಯೋತಿರ್ವರ್ಷ ಅಂತ ಹಿಡಿದಾಗ ಕಪ್ಪುಕುಳಿ 14.8 ಸೂರ್ಯರಷ್ಟಿತ್ತು. 2021ರಲ್ಲಿ ಮಿಲ್ಲರ್-ಜೋನ್ಸ್ ತಂಡ ರೇಡಿಯೋ ಅಳತೆಯಿಂದ ದೂರವನ್ನು 7,200 ಜ್ಯೋತಿರ್ವರ್ಷಕ್ಕೆ ಏರಿಸಿತು. ತೂಕ 21.2ಕ್ಕೆ ಹಾರಿತು.

ನಮ್ಮಲ್ಲಿ ಸ್ವತಃ ರೋಹಿತ ತೆಗೆಯಲು ಆಸೆ ಇರುವವರಿಗೆ ಇದೇ ಒಳ್ಳೇ ಜೋಡಿ. ನಕ್ಷತ್ರ 9ನೇ ಕಾಂತಿಮಾನದ್ದು. ಲಡಾಖ್‌ನ ಹಾನ್ಲೆಯಲ್ಲಿರುವ, ಬೆಂಗಳೂರಿನ ಹತ್ತಿರದ ಹೊಸಕೋಟೆಯಿಂದ ನಡೆಸುವ 2 ಮೀಟರ್ ದೂರದರ್ಶಕಕ್ಕೂ ಇದು ಸುಲಭವಾಗಿ ಎಟುಕುತ್ತದೆ.

ನ್ಯೂಟ್ರಾನ್ ನಕ್ಷತ್ರ ಆಗಿದ್ದರೆ

ಎಕ್ಸ್-ರೇ ಮಿಡಿತ ಕಂಡರೆ ಅದು ಖಂಡಿತ ನ್ಯೂಟ್ರಾನ್ ನಕ್ಷತ್ರ. ಆಗ ಕೆಲಸ ಸಲೀಸು, ಯಾಕೆಂದರೆ ಮಿಡಿತವೇ ಗಡಿಯಾರ. ಸೆಂಟಾರಸ್ ಎಕ್ಸ್-3 ಸುಮಾರು 4.8 ಸೆಕೆಂಡಿಗೊಮ್ಮೆ ಮಿಡಿಯುತ್ತದೆ. 2.09 ದಿನದ ಸುತ್ತಿನಲ್ಲಿ ಆ ಮಿಡಿತಗಳು ಒಮ್ಮೆ ಸುಮಾರು 40 ಸೆಕೆಂಡ್ ಬೇಗ, ಒಮ್ಮೆ ಅಷ್ಟೇ ತಡವಾಗಿ ತಲುಪುತ್ತವೆ. ಅದರಿಂದ ನ್ಯೂಟ್ರಾನ್ ನಕ್ಷತ್ರದ ವೇಗ ಸೆಕೆಂಡಿಗೆ 414 ಕಿಲೋಮೀಟರ್ ಅಂತ ಸಿಗುತ್ತದೆ. ಹಂತ 4ರ ಸೂತ್ರಕ್ಕೆ ಹಾಕಿದರೆ 15.4. ಈ ಸಲ ಇದು ಸಂಗಾತಿ ನಕ್ಷತ್ರದ ತಳದ ಮಿತಿ, ಗಮನಿಸಿ. ಸಂಗಾತಿಯ ವೇಗವನ್ನೂ ರೋಹಿತದಿಂದ ಅಳೆದರೆ ಎರಡು ವೇಗಗಳ ಅನುಪಾತವೇ ಎರಡು ತೂಕಗಳ ಅನುಪಾತ. ಗ್ರಹಣವೂ ಇರುವುದರಿಂದ ಓರೆಯೂ ಸಿಗುತ್ತದೆ. ಇಂಥ ಮಿಡಿತ ಹುಡುಕಲು ಆಸ್ಟ್ರೋಸ್ಯಾಟ್ ಉಪಗ್ರಹದ ದತ್ತಾಂಶ ಬ್ಯಾಲಾಳುವಿನ ಇಸ್ರೋ ದತ್ತಾಂಶ ಕೇಂದ್ರದ ಮೂಲಕ ಸಿಗುತ್ತದೆ.

ಅಡ್ಡದಾರಿಗಳ ಬಗ್ಗೆ

ಎಕ್ಸ್-ರೇ ಹೊಳಪಿನಿಂದ, ಅದರ ಕಂಪನದ ಲಯದಿಂದ ತೂಕ ಅಂದಾಜಿಸುವ ವಿಧಾನಗಳೂ ಇವೆ. ನಕ್ಷತ್ರ ಕಾಣದಿದ್ದಾಗ ಬೇರೆ ದಾರಿ ಇಲ್ಲ ನಿಜ. ಆದರೆ ಅವು ತಟ್ಟೆಯ ಒಳಗೆ ಏನಾಗುತ್ತದೆ ಅನ್ನುವ ಊಹೆಯ ಮೇಲೆ ನಿಂತಿವೆ. ನಾನು ಅವನ್ನು ಸುಳಿವು ಅಂತ ಮಾತ್ರ ಓದುತ್ತೇನೆ. ಇದ್ದುದರಲ್ಲಿ ಕಸಾರೆಸ್ 2015ರಲ್ಲಿ ತೋರಿಸಿದ ಸಂಬಂಧ ಉಪಯುಕ್ತ: ತಣ್ಣಗಿರುವ ಜೋಡಿಯಲ್ಲಿ ತಟ್ಟೆಯ ಹೈಡ್ರೋಜನ್ ಗೆರೆಯ ಅಗಲವನ್ನು 0.233ರಿಂದ ಗುಣಿಸಿದರೆ ನಕ್ಷತ್ರದ ವೇಗದ ಏರಿಳಿತ ಸಿಗುತ್ತದೆ. ನಕ್ಷತ್ರದ ಗೆರೆಗಳು ಕಾಣದಷ್ಟು ಮಂಕಾದ ಜೋಡಿಗಳಿಗೆ ಇದು ವರ.

ಈಗ ನಿಮ್ಮ ಸ್ಪ್ರೆಡ್‌ಶೀಟ್ ಪರೀಕ್ಷಿಸಿ. ಏ0620-00: ಅವಧಿ 0.323 ದಿನ, ವೇಗ 435, ಅನುಪಾತ 0.06, ಓರೆ 51 ಡಿಗ್ರಿ. ಮಾಸ್ ಫಂಕ್ಷನ್ ಸುಮಾರು 2.76, ತೂಕ ಸುಮಾರು 6.6 ಬಂದರೆ ಎಲ್ಲ ಸರಿ ಇದೆ. ಆಮೇಲೆ ಓರೆಯನ್ನು 45ಕ್ಕೂ 60ಕ್ಕೂ ಬದಲಿಸಿ, ತೂಕ ಎಷ್ಟು ಅಲುಗಾಡುತ್ತದೆ ನೋಡಿ.